ಸಿಡ್ನಿಗೆ ಹೊಸಬರು ಮೊದಲು ಎಲ್ಲಿ ನಡೆಯಬೇಕು

ನಮಸ್ಕಾರ. ಸಿಡ್ನಿಯ ಪಶ್ಚಿಮದ ಬಡಾವಣೆಯಾದ ವೆಸ್ಟ್‌ಮೀಡ್‌ಗೆ ಬಂದು ಮೂರು ತಿಂಗಳಾಯಿತು, ವಾರಾಂತ್ಯ ಬಂದರೆ ಮಾಲ್ ಬಿಟ್ಟು ಬೇರೆ ದಾರಿ ತೋಚುವುದಿಲ್ಲ, ಕಾರು ಇನ್ನೂ ತೆಗೆದುಕೊಂಡಿಲ್ಲ ಎಂದು ಬರೆದಿದ್ದೀರಿ. ಐದು ವರ್ಷದ ಮಗಳಿದ್ದಾಳೆ, ಊರಿಂದ ಅಪ್ಪ ಅಮ್ಮ ಬರುವವರಿದ್ದಾರೆ, ಅಮ್ಮನಿಗೆ ಮಂಡಿನೋವು, ಮನೆಯಲ್ಲಿ ಎಲ್ಲರಿಗೂ ಹಾವಿನ ಭಯ. ಹೀಗಿರುವಾಗ ಇಲ್ಲಿನ ಕಾಡುಗಳಲ್ಲಿ ನಡೆಯಲು ಹೋಗಬಹುದೇ ಎಂಬುದು ನಿಮ್ಮ ಪ್ರಶ್ನೆ. ಧಾರಾಳವಾಗಿ ಹೋಗಬಹುದು. ನೀವಿರುವ ಜಾಗವೂ ಇದಕ್ಕೆ ಹೇಳಿ ಮಾಡಿಸಿದಂತಿದೆ. ಸಿಡ್ನಿಯ ಪಶ್ಚಿಮಕ್ಕಿರುವ ಬೆಟ್ಟಸೀಮೆ ಬ್ಲೂ ಮೌಂಟನ್ಸ್ ಕಡೆ ಹೋಗುವ ರೈಲು ನಿಮ್ಮ ಸ್ಟೇಷನ್‌ನಲ್ಲೇ ನಿಲ್ಲುತ್ತದೆ. ಶುಕ್ರವಾರದಿಂದ ಭಾನುವಾರದವರೆಗೆ ಇಲ್ಲಿನ ರೈಲು, ಬಸ್ಸಿಗೆ ಬಳಸುವ ಓಪಲ್ ಕಾರ್ಡಿನ ದಿನದ ಗರಿಷ್ಠ ದರ ಉಳಿದ ದಿನಗಳ ಅರ್ಧದಷ್ಟೇ. ಎಷ್ಟು ದೂರ ಹೋಗಿಬಂದರೂ ಒಬ್ಬರಿಗೆ ಹತ್ತು ಡಾಲರಿನ ಆಸುಪಾಸಿನಲ್ಲಿ ಮುಗಿಯುತ್ತದೆ.

ಬಂದವರೆಲ್ಲ ಮೊದಲು ಓಡುವುದು ಬ್ಲೂ ಮೌಂಟನ್ಸ್ ಸೀಮೆಯ ಕಟೂಂಬಾ ಊರಿಗೆ. ತ್ರೀ ಸಿಸ್ಟರ್ಸ್ ಎಂಬ ಮೂರು ಬಂಡೆಗೋಪುರಗಳ ಮುಂದೆ ಫೋಟೋ ತೆಗೆಸಿಕೊಂಡು, ಜನಜಂಗುಳಿಯಲ್ಲಿ ಸುಸ್ತಾಗಿ ವಾಪಸ್ ಬರುತ್ತಾರೆ. ಅಲ್ಲಿಗೆ ಹೋಗಬೇಡಿ ಎನ್ನುತ್ತಿಲ್ಲ, ಆದರೆ ಅದು ಮೊದಲಾಗಬೇಕಿಲ್ಲ. ಮನೆ ಹತ್ತಿರದ ಒಂದು ದಾರಿ ಹಿಡಿದು, ಅದೇ ದಾರಿಗೆ ಬೇಸಿಗೆಯಲ್ಲೂ ಚಳಿಗಾಲದಲ್ಲೂ ಹೋಗಿ ನೋಡಿ. ಇಲ್ಲಿನ ಕಾಡು ಮೊದಲ ನೋಟಕ್ಕೆ ಬೂದುಹಸಿರಾಗಿ, ಎಲ್ಲ ಒಂದೇ ಥರ ಕಾಣುತ್ತದೆ. ಅದರೊಳಗಿನ ವೈವಿಧ್ಯ ಕಣ್ಣಿಗೆ ಬೀಳುವುದು ಅದೇ ಜಾಗಕ್ಕೆ ಮತ್ತೆ ಮತ್ತೆ ಹೋದಾಗ.

ನಿಮ್ಮ ಮನೆಯಿಂದ ನಡೆದೇ ಹೋಗಬಹುದಾದದ್ದು ಪ್ಯಾರಮಾಟ್ಟಾ ಪಾರ್ಕ್. ನದಿ ಪಕ್ಕದಲ್ಲಿ ಸಮತಟ್ಟಾದ ಕಾಲುದಾರಿ, ಕೂರಲು ಬೆಂಚು, ಶೌಚಾಲಯ ಎಲ್ಲ ಇವೆ. ಒಳಗಿರುವ ಓಲ್ಡ್ ಗವರ್ನಮೆಂಟ್ ಹೌಸ್ ಎಂಬ ಹಳೆಯ ಗವರ್ನರ್ ನಿವಾಸ 2010ರಲ್ಲಿ, ಬ್ರಿಟನ್ನಿನಿಂದ ಕೈದಿಗಳನ್ನು ಗಡೀಪಾರು ಮಾಡುತ್ತಿದ್ದ ಕಾಲದ ಇತರ ತಾಣಗಳ ಜೊತೆ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಅಪ್ಪನಿಗೆ ಇತಿಹಾಸದಲ್ಲಿ ಆಸಕ್ತಿಯಿದ್ದರೆ ಅರ್ಧ ದಿನ ಅಲ್ಲೇ ಕಳೆಯುತ್ತದೆ. ನದಿ ದಂಡೆಯ ಮರಗಳಲ್ಲಿ ದೊಡ್ಡ ಬಾವಲಿಗಳು ತಲೆಕೆಳಗಾಗಿ ನೇತಾಡುತ್ತಿರುತ್ತವೆ, ಸಂಜೆ ಕತ್ತಲಾಗುವ ಹೊತ್ತಿಗೆ ಗುಂಪುಗುಂಪಾಗಿ ಹೊರಡುತ್ತವೆ. ಮಗಳಿಗೆ ತೋರಿಸಿ. ಕೆಳಗೆ ಬಿದ್ದ ಬಾವಲಿಯನ್ನು ಮಾತ್ರ ಯಾರೂ ಮುಟ್ಟಬಾರದು. ಅವುಗಳಿಂದ ರೇಬೀಸ್ ಜಾತಿಯ ವೈರಸ್ ತಗಲುವ ಅಪಾಯವಿದೆ.

ಎರಡನೆಯದು ಲೇಕ್ ಪ್ಯಾರಮಾಟ್ಟಾ. ಸುತ್ತಲೂ ಮನೆಗಳಿರುವ ಬಡಾವಣೆಯ ಮಧ್ಯೆ ಇಂಥ ಕಾಡು ಉಳಿದಿದೆ ಎಂದರೆ ನಂಬುವುದು ಕಷ್ಟ. ಕಲ್ಲಿನ ಅಣೆಕಟ್ಟು 1856ರದ್ದು, 1909ರವರೆಗೂ ಊರಿಗೆ ಇಲ್ಲಿಂದಲೇ ಕುಡಿಯುವ ನೀರು. ಕೆರೆಯನ್ನು ಪೂರ್ತಿ ಸುತ್ತಿದರೆ ನಾಲ್ಕು ಕಿಲೋಮೀಟರಿಗಿಂತ ಸ್ವಲ್ಪ ಹೆಚ್ಚು. ಕೆಲವು ಕಡೆ ಬಂಡೆ, ಮೆಟ್ಟಿಲು ಬರುತ್ತವೆ. ಅಮ್ಮ ಅಣೆಕಟ್ಟಿನ ಹತ್ತಿರ ನೆರಳಲ್ಲಿ ಕೂರಲಿ, ನೀವು ಮಗಳ ಜೊತೆ ಒಂದಿಷ್ಟು ದೂರ ಹೋಗಿ ಬನ್ನಿ.

ಅಲ್ಲಿ ಮರಗಳ ಹತ್ತಿರ ನಿಂತು ನೋಡಿ. ನಮ್ಮ ಕಡೆ ಕೋಲಾರ, ಚಿಕ್ಕಬಳ್ಳಾಪುರದಲ್ಲಿ ಸಾಲಾಗಿ ನೆಟ್ಟ ನೀಲಗಿರಿ ತೋಪು ಕಂಡವರಿಗೆ ಆ ಮರದ ಬಗ್ಗೆ ಒಳ್ಳೆಯ ಅಭಿಪ್ರಾಯ ಇರುವುದಿಲ್ಲ. ತೋಪಿನೊಳಗೆ ಹಕ್ಕಿಯಿಲ್ಲ, ಹುಲ್ಲಿಲ್ಲ. ತವರಿನಲ್ಲಿ ಅದೇ ಕುಲದ ಮರಗಳು ಬೇರೆಯೇ ಬಾಳು ಬಾಳುತ್ತವೆ. ಬ್ಲೂ ಮೌಂಟನ್ಸ್ ಸೀಮೆಯೊಂದರಲ್ಲೇ ತೊಂಬತ್ತರಷ್ಟು ಬಗೆಗಳಿವೆ. 2000ದಲ್ಲಿ ಅದಕ್ಕೆ ವಿಶ್ವ ಪರಂಪರೆಯ ಮಾನ್ಯತೆ ಸಿಗಲು ಅದೂ ಒಂದು ಕಾರಣ. ಸ್ಕ್ರಿಬ್ಲಿ ಗಮ್ ಎಂಬ ಮರದ ಬಿಳಿ ಮೈಮೇಲೆ, ಈಗಷ್ಟೇ ಬಳಪ ಹಿಡಿದ ಮಗು ಸ್ಲೇಟಿನ ತುಂಬ ಗೀಚಿದಂತೆ ಅಂಕುಡೊಂಕು ಗೆರೆಗಳಿರುತ್ತವೆ. ಒಂದು ಜಾತಿಯ ಪುಟ್ಟ ಪತಂಗದ ಮರಿಹುಳು ತೊಗಟೆಯೊಳಗೆ ಕೊರೆಯುತ್ತಾ ಸಾಗಿದ ದಾರಿ ಅದು. ಮೇಲಿನ ತೊಗಟೆ ಉದುರಿದ ಮೇಲೆ ಹೊರಗೆ ಕಾಣುತ್ತದೆ. ಬೆರಳಿಟ್ಟು ಗೆರೆಯ ಜಾಡು ಹಿಡಿದು ಹೋಗಿ: ಮೊದಲು ಸಣ್ಣಗಿದ್ದದ್ದು ಬರಬರುತ್ತಾ ದಪ್ಪವಾಗುತ್ತದೆ, ಹುಳು ಬೆಳೆದಂತೆ. ಮಕ್ಕಳು ಇದನ್ನು ನೋಡುತ್ತಾ ನಿಂತುಬಿಡುತ್ತಾರೆ.

ನಿಮ್ಮ ತಂದೆ ಕಾಫಿ ಸೀಮೆಯವರು ಎಂದಿದ್ದೀರಲ್ಲ, ಅವರಿಗೆ ಸಿಲ್ವರ್ ಓಕ್ ತೋರಿಸಲು ಮರೆಯಬೇಡಿ. ಚಿಕ್ಕಮಗಳೂರು, ಕೊಡಗಿನ ತೋಟಗಳಲ್ಲಿ ನೆರಳಿಗೆಂದು ನೆಟ್ಟು ಮೆಣಸಿನ ಬಳ್ಳಿ ಹಬ್ಬಿಸುವ ಮರ ಮೂಲತಃ ಇಲ್ಲಿಯದು. ಕ್ವೀನ್ಸ್‌ಲ್ಯಾಂಡಿನ ದಕ್ಷಿಣ ಮತ್ತು ಸಿಡ್ನಿ ಇರುವ ನ್ಯೂ ಸೌತ್ ವೇಲ್ಸ್ ರಾಜ್ಯದ ಉತ್ತರ ಭಾಗದ ಕಾಡಿನದು. ಸಿಡ್ನಿಯ ಪಾರ್ಕುಗಳಲ್ಲಿ ಬೇಕಾದಷ್ಟಿವೆ. ಇಲ್ಲಿನ ವಸಂತದ ಕೊನೆಗೆ, ಅಂದರೆ ಅಕ್ಟೋಬರ್ ನವೆಂಬರ್ ಹೊತ್ತಿಗೆ, ಮರ ತುಂಬ ಕಿತ್ತಳೆ ಬಣ್ಣದ ಹೂ.

ಮಂಡಿನೋವಿನವರಿಗೆ ಇಡೀ ಸಿಡ್ನಿಯಲ್ಲಿ ನನಗೆ ಅತ್ಯಂತ ಇಷ್ಟವಾದ ದಾರಿ ಪೆನ್ರಿತ್‌ನಲ್ಲಿ ನೇಪಿಯನ್ ನದಿಯ ಎರಡೂ ದಂಡೆ ಸುತ್ತಿ ಬರುವುದು. 2018ರಲ್ಲಿ ತೆರೆದ ಯಾಂಧಾಯ್ ಎಂಬ ಕಾಲುಸೇತುವೆ ಒಂದು ತುದಿ, ಎಂ4 ಹೆದ್ದಾರಿಯ ಸೇತುವೆ ಇನ್ನೊಂದು ತುದಿ. ಪೂರ್ತಿ ಸುತ್ತಿದರೆ ಸುಮಾರು ಏಳು ಕಿಲೋಮೀಟರ್, ಆದರೆ ಎಲ್ಲಿ ಬೇಕಾದರೂ ತಿರುಗಿ ಬರಬಹುದು. ನುಣುಪಾದ ದಾರಿ, ತಳ್ಳುಗಾಡಿಯೂ ವೀಲ್‌ಚೇರೂ ಸಲೀಸಾಗಿ ಹೋಗುತ್ತವೆ.

ಕೊರಕಲು, ತೊರೆ ನೋಡಬೇಕೆಂದರೆ ಗ್ಲೆನ್‌ಬ್ರೂಕ್. ವೆಸ್ಟ್‌ಮೀಡ್‌ನಿಂದ ರೈಲಿನಲ್ಲಿ ಮುಕ್ಕಾಲು ಗಂಟೆಯಷ್ಟು. ಸ್ಟೇಷನ್‌ನಿಂದ ಬ್ಲೂ ಮೌಂಟನ್ಸ್ ರಾಷ್ಟ್ರೀಯ ಉದ್ಯಾನದ ಗೇಟಿಗೆ ನಡೆದು ಹೋಗಬಹುದು. ವಾಹನಕ್ಕೆ ದಿನಕ್ಕೆ 8 ಡಾಲರ್, ನಡೆದು ಹೋಗುವವರಿಗೆ ಶುಲ್ಕವಿಲ್ಲ. ಗೇಟಿನಿಂದ ಸ್ವಲ್ಪ ಇಳಿದರೆ ಜೆಲ್ಲಿಬೀನ್ ಪೂಲ್ ಎಂಬ ಮಡು, ಸುತ್ತ ಎತ್ತರದ ಮರಳುಗಲ್ಲಿನ ಗೋಡೆ, ಬಂಡೆಯ ಮೇಲೆ ಬಿಸಿಲು ಕಾಯಿಸುವ ವಾಟರ್ ಡ್ರ್ಯಾಗನ್ ಎಂಬ ದೊಡ್ಡ ಓತಿಕ್ಯಾತ. ಕಾರಿರುವ ಸ್ನೇಹಿತರು ಜೊತೆಗಿದ್ದರೆ ಯೂರೋಕಾ ಬಯಲಿಗೂ ಹೋಗಿ, ಅಲ್ಲಿ ಕಾಂಗರೂಗಳು ಮೇಯುತ್ತಿರುತ್ತವೆ. ಬಿಸ್ಕತ್ತು ಹಾಕಬಾರದು ಎಂದು ಹಿರಿಯರಿಗೆ ಮೊದಲೇ ಹೇಳಿಟ್ಟಿರಿ. ರೆಡ್ ಹ್ಯಾಂಡ್ಸ್ ಕೇವ್ ಕೂಡ ಅದೇ ಉದ್ಯಾನದಲ್ಲಿದೆ. ಈ ನೆಲದ ಮೂಲನಿವಾಸಿಗಳು ಬಂಡೆಗೆ ಕೈ ಒತ್ತಿಟ್ಟು ಕೆಮ್ಮಣ್ಣು ಊದಿ ಮೂಡಿಸಿದ ಅಂಗೈಗಳು ನೂರಾರು ವರ್ಷಗಳಿಂದ ಹಾಗೇ ಉಳಿದಿವೆ. ದೊಡ್ಡವರ ಕೈಯೂ ಇದೆ, ಮಕ್ಕಳದೂ ಇದೆ.

ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ: ದಾರಿ ಎಷ್ಟು ಕಿಲೋಮೀಟರ್ ಎಂದು ಕೇಳುವುದಕ್ಕಿಂತ ಯಾವ ಗ್ರೇಡ್ ಎಂದು ನೋಡಿ. ಬೋರ್ಡಿನ ಮೇಲೂ ರಾಷ್ಟ್ರೀಯ ಉದ್ಯಾನಗಳ ವೆಬ್‌ಸೈಟಿನಲ್ಲೂ ಒಂದರಿಂದ ಐದರವರೆಗೆ ಹಾಕಿರುತ್ತಾರೆ. ಒಂದು ಎಂದರೆ ಮೆಟ್ಟಿಲೇ ಇಲ್ಲದ ಸಮತಟ್ಟು. ಎರಡರಲ್ಲಿ ಅಲ್ಲೊಂದು ಇಲ್ಲೊಂದು ಮೆಟ್ಟಿಲು. ಮೂರಕ್ಕೆ ಬಂದರೆ ತುಂಬಾ ಮೆಟ್ಟಿಲು, ಒರಟು ನೆಲ. ಅಮ್ಮನಿಗೆ ಎರಡರ ಆಚೆ ಬೇಡ. ಗ್ಲೆನ್‌ಬ್ರೂಕ್ ಗಾರ್ಜ್‌ನ ದಾರಿ ಓದಲು ಚಿಕ್ಕದು, ಆದರೆ ಅಲ್ಲಿ ಸರಿಯಾದ ದಾರಿಯೇ ಇಲ್ಲ. ತೊರೆಯ ಬಂಡೆಯಿಂದ ಬಂಡೆಗೆ ಹಾರುತ್ತಾ ಗಂಟೆಗಟ್ಟಲೆ ಹೋಗಬೇಕು. ಪುಟ್ಟ ಮಕ್ಕಳನ್ನು ಕರೆದುಕೊಂಡು ಹೋಗುವ ಜಾಗವಲ್ಲ.

ಹಾವಿನ ವಿಷಯ. ಇಲ್ಲಿ ವಿಷದ ಹಾವುಗಳಿವೆ, ನಿಜ. ಆದರೆ ಹೆಜ್ಜೆಯ ಕಂಪನ ಗೊತ್ತಾದರೆ ಅವೇ ಸರಿದು ಹೋಗುತ್ತವೆ. ಬೂಟು ಹಾಕಿ, ದಾರಿ ಬಿಟ್ಟು ಹುಲ್ಲಿಗೆ ಇಳಿಯಬೇಡಿ, ಬ್ಯಾಗಿನಲ್ಲಿ ಎರಡು ಅಗಲದ ಎಲಾಸ್ಟಿಕ್ ಬ್ಯಾಂಡೇಜ್ ಇರಲಿ. ಕಚ್ಚಿದರೆ ತೊಳೆಯಬಾರದು, ಕುಯ್ಯಬಾರದು, ನಡೆಯಬಾರದು. ಕಚ್ಚಿದ ಜಾಗದಿಂದ ಶುರುಮಾಡಿ ಇಡೀ ಕೈ ಅಥವಾ ಕಾಲಿಗೆ ಬಿಗಿಯಾಗಿ ಸುತ್ತಿ, ಅಲುಗಾಡದಂತೆ ಕೋಲು ಕಟ್ಟಿ, ತುರ್ತು ಸಂಖ್ಯೆ 000ಗೆ ಫೋನ್ ಮಾಡಿ. ಎಮರ್ಜೆನ್ಸಿ ಪ್ಲಸ್ ಆ್ಯಪ್ ಇದ್ದರೆ ನೀವು ನಿಂತಿರುವ ಜಾಗವನ್ನು ನಿಖರವಾಗಿ ಹೇಳಬಹುದು. ಮಳೆಯ ನಂತರ ಇಂಬಳ ಇರುತ್ತವೆ, ಮಲೆನಾಡಿನವರಿಗೆ ಅದು ಹೊಸದಲ್ಲ. ಉಣುಗು ಕಚ್ಚಿಕೊಂಡಿದ್ದರೆ ಮಾತ್ರ ಬೆರಳಿನಲ್ಲಿ ಹಿಂಡಿ ಕೀಳಬೇಡಿ. ಅದನ್ನು ಹೆಪ್ಪುಗಟ್ಟಿಸಿ ಸಾಯಿಸುವ ಸ್ಪ್ರೇ ಫಾರ್ಮಸಿಯಲ್ಲಿ ಸಿಗುತ್ತದೆ.

ನನಗೆ ಹಾವಿಗಿಂತ ಹೆಚ್ಚು ಭಯ ನೀರಿನದು ಮತ್ತು ಬೆಂಕಿಯದು. ಮೇಲೆ ಶಾಂತವಾಗಿ ಕಾಣುವ ಮಡುವಿನಲ್ಲಿ ಒಂದು ಹೆಜ್ಜೆ ಮುಂದೆ ಹಠಾತ್ತನೆ ಆಳ. ಈಜು ಬಾರದವರು ಮೊಣಕಾಲು ದಾಟಿ ಇಳಿಯಲೇಬೇಡಿ. ನಮ್ಮ ದೇಶದಿಂದ ಬಂದ ಎಳೆಯ ಜೀವಗಳು ಹೀಗೆ ಹೋದ ಸುದ್ದಿ ಪ್ರತಿ ಬೇಸಿಗೆಯಲ್ಲೂ ಹೊಟ್ಟೆ ಉರಿಸುತ್ತದೆ. ಮಗಳನ್ನು ಈಗಲೇ ಈಜು ಕ್ಲಾಸಿಗೆ ಸೇರಿಸಿ, ನೀವೂ ಸೇರಿ. ಬೇಸಿಗೆಯಲ್ಲಿ ಬಿಸಿಗಾಳಿ ಬೀಸುವ ದಿನ ಕಾಡಿನ ಕಡೆ ಹೋಗಲೇಬೇಡಿ. ಹಜಾರ್ಡ್ಸ್ ನಿಯರ್ ಮಿ ಆ್ಯಪ್‌ನಲ್ಲಿ ಕಾಡ್ಗಿಚ್ಚಿನ ಅಪಾಯದ ಮಟ್ಟ ನೋಡಿ, ಹೊರಡುವ ದಿನ ಬೆಳಿಗ್ಗೆ ಉದ್ಯಾನದ ವೆಬ್‌ಸೈಟಿನಲ್ಲಿ ದಾರಿ ತೆರೆದಿದೆಯೇ ಎಂದೂ ನೋಡಿ. ಜೋರು ಮಳೆ ಬಂದರೂ ದಾರಿ ಮುಚ್ಚುತ್ತಾರೆ.

ಇನ್ನು ಬುತ್ತಿ. ಪುಳಿಯೋಗರೆ, ಚಪಾತಿ ಪಲ್ಯ, ಏನು ಬೇಕಾದರೂ ಒಯ್ಯಿರಿ, ಒಬ್ಬರಿಗೆ ಲೀಟರಿಗೆ ಕಮ್ಮಿಯಿಲ್ಲದಂತೆ ನೀರು. ಕಾಡಿನ ದಾರಿಗಳಲ್ಲಿ ಕಸದ ಬುಟ್ಟಿ ಇರುವುದಿಲ್ಲ, ಬಾಳೆಹಣ್ಣಿನ ಸಿಪ್ಪೆಯೂ ಮನೆಗೆ ವಾಪಸ್. ಅಮ್ಮನಿಗೆ ಪೂಜೆಗೆಂದು ಹೂ ಕಂಡಲ್ಲಿ ಕೈ ಹೋಗುವ ಅಭ್ಯಾಸ ಇದ್ದೀತು, ರಾಷ್ಟ್ರೀಯ ಉದ್ಯಾನದಲ್ಲಿ ಒಂದು ಹೂ ಕಿತ್ತರೂ ಅಪರಾಧ.

ಅಪ್ಪ ಅಮ್ಮ ಯಾವ ತಿಂಗಳು ಬರುತ್ತಾರೆಂದು ನೀವು ಬರೆದಿಲ್ಲ. ಟಿಕೆಟ್ ಇನ್ನೂ ಆಗಿಲ್ಲವಾದರೆ ಏಪ್ರಿಲ್, ಮೇ ನೋಡಿ. ಬಿಸಿಲು ಹಿತವಾಗಿರುತ್ತದೆ, ಹಾವಿನ ಓಡಾಟ ಕಡಿಮೆಯಾಗಿರುತ್ತದೆ, ಬೆಂಕಿಯ ಕಾಲವೂ ಮುಗಿದಿರುತ್ತದೆ. ಜೂನ್ ಆದರೆ ಸಂಜೆ ಐದಕ್ಕೇ ಕತ್ತಲು, ಬೆಳಿಗ್ಗೆ ಎಂಟರ ರೈಲು ಹಿಡಿಯಬೇಕಾಗುತ್ತದೆ.