ರಾಮಬಾಣವನ್ನು ಬತ್ತಳಿಕೆಗೆ ಹಿಂದಿರುಗಿಸಿ

ನಮಸ್ಕಾರ.

'ರಕ್ತದ ಕ್ಯಾನ್ಸರಿಗೆ ರಾಮಬಾಣ' ಎಂಬ ನಿಮ್ಮ ಲೇಖನವನ್ನು ಎರಡು ಸಲ ಓದಿದೆ. ಈಗಿರುವಂತೆ ಪ್ರಕಟಿಸಲಾರೆ. ತೊಡಕು ತಲೆಬರಹದಲ್ಲೇ ಇದೆ. ನೀವು ಬರೆದಿರುವುದು ಮೊನೊಕ್ಲೋನಲ್ ಪ್ರತಿಕಾಯಗಳ (ಒಂದೇ ಕೋಶದ ಸಂತತಿ ತಯಾರಿಸುವ, ಒಂದೇ ಗುರಿಗೆ ಅಂಟುವ ಪ್ರೋಟೀನುಗಳ) ನೆರವಿನಿಂದ ಲ್ಯುಕೇಮಿಯಾ ಎಂಬ ರಕ್ತದ ಕ್ಯಾನ್ಸರನ್ನು ಪತ್ತೆ ಮಾಡಿ ಬಗೆ ವಿಂಗಡಿಸುವುದನ್ನು ಕುರಿತು. ತಲೆಬರಹ ಸಾರುತ್ತಿರುವುದು ಔಷಧವನ್ನು. ರಿಟುಕ್ಸಿಮ್ಯಾಬ್‌ನಂಥ ಪ್ರತಿಕಾಯಗಳು ಔಷಧವೂ ಹೌದು, ಆದರೆ ಅದು ಬೇರೆಯೇ ಲೇಖನ.

ಕೋಹ್ಲರ್ ಮತ್ತು ಮಿಲ್‌ಸ್ಟೈನ್ 1975ರಲ್ಲಿ ಈ ಪ್ರತಿಕಾಯಗಳನ್ನು ತಯಾರಿಸುವ ದಾರಿ ಕಂಡುಕೊಂಡದ್ದು, 1984ರ ನೊಬೆಲ್ – ಇದಕ್ಕೆ ಎರಡು ಪುಟ ಏಕೆ? ಎರಡು ವಾಕ್ಯ ಸಾಕು. ಲೇಖನಕ್ಕೆ ಜೀವ ಬರುವುದು ಮೂರನೆಯ ಪುಟದಲ್ಲಿ, ಸೂಕ್ಷ್ಮದರ್ಶಕದಡಿಯ ಆ ಎರಡು ಸ್ಲೈಡುಗಳಲ್ಲಿ. ಎರಡರಲ್ಲೂ ದೊಡ್ಡ ಕೋಶಕೇಂದ್ರದ, ಕಣಗಳಿಲ್ಲದ ಎಳೆಯ ಕೋಶಗಳು, ಅವಳಿಗಳಂತೆ. ಅಲ್ಲಿಂದ ಒಂದೇ ನೆಗೆತಕ್ಕೆ 'ಪ್ರತಿಕಾಯ ರೋಗವನ್ನು ಪತ್ತೆಹಚ್ಚಿತು' ಎಂದುಬಿಟ್ಟಿದ್ದೀರಿ. ಹೇಗೆ?

ಪ್ರತಿಕಾಯಕ್ಕೆ ಕ್ಯಾನ್ಸರ್ ಎಂದರೇನೆಂದು ಗೊತ್ತಿಲ್ಲ. ಅದು ಬಲ್ಲದ್ದು ಒಂದೇ ಒಂದು ಪ್ರೋಟೀನನ್ನು; ಅದು ಸಿಕ್ಕ ಕೋಶಕ್ಕೆ ಅಂಟಿಕೊಳ್ಳುತ್ತದೆ. ಹೊಳೆಯುವ ಬಣ್ಣ ಅಂಟಿಸಿದ ಹಲವು ಪ್ರತಿಕಾಯಗಳನ್ನು ಮಾದರಿಗೆ ಬೆರೆಸಿ, ಕೋಶಗಳನ್ನು ಫ್ಲೋ ಸೈಟೋಮೀಟರಿನಲ್ಲಿ ಒಂದೊಂದಾಗಿ ಲೇಸರ್ ಮುಂದೆ ಹಾಯಿಸಿದರೆ, ಯಾವ ಕೋಶ ಯಾವ ಬಣ್ಣಗಳಲ್ಲಿ ಮಿನುಗಿತೆಂಬ ಲೆಕ್ಕ ಸಿಗುತ್ತದೆ. ಮೊದಲ ಮಾದರಿಯಲ್ಲಿ ಸಿಡಿ19, ಸಿಡಿ10, ಟಿಡಿಟಿ ಎಂಬ ಗುರುತಿನ ಪ್ರೋಟೀನುಗಳು ಕಂಡವೆನ್ನಿ: ಬಿ-ಲಿಂಫೋಬ್ಲಾಸ್ಟಿಕ್, ಅಂದರೆ ಬಿ ಕೋಶವೆಂಬ ಬಿಳಿ ರಕ್ತಕಣದ ಎಳೆಯ ರೂಪದ ಲ್ಯುಕೇಮಿಯಾ. ಎರಡನೆಯದರಲ್ಲಿ ಅವಿಲ್ಲ; ಸಿಡಿ13, ಸಿಡಿ33, ಸಿಡಿ117 ಇವೆ: ಮೈಲಾಯ್ಡ್, ಅಂದರೆ ರಕ್ತಕೋಶಗಳ ಇನ್ನೊಂದು ಕವಲಿನದು. ಅವಳಿಗಳ ಚಿಕಿತ್ಸೆಯ ದಾರಿ ಇಲ್ಲಿಂದ ಕವಲೊಡೆಯುತ್ತದೆ. ಇದನ್ನು ಬಿಡಿಸಿ ಬರೆಯಿರಿ, ಅವಸರ ಬೇಡ.

'ಸಿಡಿ19 ಕಂಡರೆ ಲ್ಯುಕೇಮಿಯಾ' ಎಂಬ ವಾಕ್ಯವನ್ನು ನಾನೇ ಹೊಡೆದುಹಾಕಿದ್ದೇನೆ. ಆರೋಗ್ಯವಂತರ ಬಿ ಕೋಶಗಳಲ್ಲೂ ಅದಿದೆ. ಕೆಲವು ಮೈಲಾಯ್ಡ್ ಲ್ಯುಕೇಮಿಯಾಗಳಲ್ಲೂ ಇಣುಕುತ್ತದೆ. ನಿಮ್ಮ ಮಾತು ನಂಬಿ ಯಾರೋ ತಮ್ಮ ವರದಿ ನೋಡಿ ಹೌಹಾರಿಯಾರು. ಸಿಡಿ5 ಸಾಮಾನ್ಯವಾಗಿ ಟಿ ಕೋಶವೆಂಬ ಇನ್ನೊಂದು ಬಿಳಿ ರಕ್ತಕಣದ ಗುರುತು. ಆದರೆ ಸಿಡಿ5, ಸಿಡಿ19 ಮತ್ತು ಸಿಡಿ23ರೊಂದಿಗೆ ಒಂದೇ ಕೋಶದಲ್ಲಿ ಕಂಡರೆ ದೀರ್ಘಕಾಲಿಕ ಲಿಂಫೋಸೈಟಿಕ್ ಲ್ಯುಕೇಮಿಯಾದ ಅನುಮಾನ. ಸಿಡಿ23 ಗೈರಾದರೆ ಮ್ಯಾಂಟಲ್ ಸೆಲ್ ಲಿಂಫೋಮಾ ಎಂಬ ಬೇರೆಯೇ ಬಿ ಕೋಶದ ಕ್ಯಾನ್ಸರಿನತ್ತಲೂ ನೋಡಬೇಕು. ವೈದ್ಯರು ಓದುವುದು ಈ ಜೋಡಣೆಯನ್ನು, ಜೊತೆಗೆ ಕ್ರೋಮೋಸೋಮ್ ಮತ್ತು ಜೀನ್ ಪರೀಕ್ಷೆಗಳನ್ನು. ಅವುಗಳಿಗೆ ಒಂದು ಸಾಲಾದರೂ ಕೊಡಿ.

ಕೊನೆಯ 'ವಿಜ್ಞಾನಕ್ಕೆ ನಮೋ ನಮಃ' ಬೇಡ. ಚಿಕಿತ್ಸೆಯ ಬಳಿಕ ಹತ್ತು ಸಾವಿರ ಕೋಶಗಳ ನಡುವೆ ಉಳಿದ ಒಂದೇ ಒಂದು ರೋಗಕೋಶವನ್ನೂ ಈ ವಿಧಾನ ಹುಡುಕಬಲ್ಲದೆಂದು ಅಂಚಿನಲ್ಲಿ ಪೆನ್ಸಿಲಿನಿಂದ ಗೀಚಿದ್ದೀರಲ್ಲ, ಅದನ್ನು ಅಲ್ಲಿಗೆ ತನ್ನಿ. ತಿದ್ದಿದ ಪ್ರತಿ ಸಾವಿರ ಪದ ಮೀರದಿರಲಿ.