ಹಳೆಯ ಇಸ್ರಾಯೇಲಿನ ಯಾಜಕರ ಮೇಲೆ ಪ್ರವಾದಿಗಳಿಗೆ ಯಾಕೆ ಅಷ್ಟು ಸಿಟ್ಟು?

ಜನರಿಗೆ ದೇವರ ಕಟ್ಟಳೆ ಕಲಿಸಬೇಕಾದವರು ಸ್ವಂತ ಹೊಟ್ಟೆ ನೋಡಿಕೊಂಡರು, ಸಿಟ್ಟು ಅದಕ್ಕೇ. ಬಲಿ ಕೊಡುವ ಊರಾಗಿದ್ದ ಶೀಲೋವಿನಲ್ಲಿ ಯಾಜಕ ಏಲಿಯ ಮಕ್ಕಳ ಕಥೆ ನೋಡಿ, ಅವರೂ ಯಾಜಕರೇ. ಬಲಿಯ ಮಾಂಸ ಇನ್ನೂ ಬೇಯುತ್ತಿರುವಾಗಲೇ ಅವರ ಆಳು ಬಂದು ಮೂರು ಮುಳ್ಳಿನ ಕೊಕ್ಕೆಯನ್ನು ಹಂಡೆಗೆ ಚುಚ್ಚುತ್ತಿದ್ದ. ಮೇಲೆ ಬಂದದ್ದೆಲ್ಲ ಯಾಜಕನಿಗೆ! ದೇವರಿಗೆಂದು ಕೊಬ್ಬು ಸುಡುವ ಮೊದಲೇ ಹಸಿ ಮಾಂಸ ಕೊಡಿ, ಇಲ್ಲದಿದ್ದರೆ ಕಿತ್ಕೊಳ್ತೀನಿ ಅನ್ನುವ ಬೆದರಿಕೆ ಬೇರೆ.

ಪ್ರವಾದಿ ಹೋಶೇಯನ ಮಾತು ಇನ್ನೂ ಖಾರ: ಜನರ ಪಾಪವೇ ಇವರ ಊಟ. ಪಾಪ ಹೆಚ್ಚಿದಷ್ಟೂ ಬಲಿ ಜಾಸ್ತಿ, ಬಲಿಯಲ್ಲಿ ಇವರಿಗೂ ಪಾಲು, ಅಲ್ವಾ? ದುಡ್ಡಿಗೆ ಬೋಧಿಸುತ್ತಾರೆ ಅಂತ ಇನ್ನೊಬ್ಬ ಪ್ರವಾದಿ ಮೀಕ. ನನಗೆ ಇಷ್ಟವಾಗುವುದು ಪ್ರವಾದಿ ಮಲಾಕಿಯ ಚುಚ್ಚುಮಾತು: ದೇವರಿಗೆ ಬಲಿ ಕೊಡುವ ಈ ಕುಂಟು, ಕುರುಡು ಪಶುವನ್ನು ನಿಮ್ಮ ದೇಶಾಧಿಪತಿಗೆ ಕೊಟ್ಟು ನೋಡಿ, ಒಪ್ಪುತ್ತಾನಾ?

ಹಾಗಂತ ಯಾಜಕರೇ ಬೇಡ ಅಂತಲ್ಲ. ಪ್ರವಾದಿಗಳಾದ ಯೆರೆಮೀಯ, ಯೆಹೆಜ್ಕೇಲ ಇಬ್ಬರೂ ಯಾಜಕರ ಮನೆತನದವರೇ.