ಕರೆಂಟ್ ಹೋದರೂ ಪಾಠ ಉಳಿಯಲಿ: ಶಿಕ್ಷಕರ ವಿಡಿಯೊ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಎಂಟನೇ ತರಗತಿಯ ವಿಜ್ಞಾನ ಪಾಠಗಳನ್ನು ಶಾಲೆಯ ಕಂಪ್ಯೂಟರಿನಲ್ಲಿ ರೆಕಾರ್ಡ್ ಮಾಡುತ್ತೇನೆ. ನಾನು ಬಳಸುವ ವೆಬ್‌ಸೈಟ್ ಐದು ನಿಮಿಷ ದಾಟಿದರೆ ಹಣ ಕೇಳುತ್ತದೆ, ಮೂಲೆಯಲ್ಲಿ ತನ್ನ ಮುದ್ರೆಯನ್ನೂ ಹಾಕುತ್ತದೆ. ಬೇರೊಂದು ತಂತ್ರಾಂಶ ಹಾಕಿಕೊಂಡೆ. ಮಧ್ಯೆ ಕರೆಂಟ್ ಹೋಗಿ ಇಡೀ ಪಾಠದ ಫೈಲ್ ತೆರೆಯದಂತಾಯಿತು. ಫ್ಯಾನಿನ ಸದ್ದೂ ವಿಪರೀತ. ಏನು ಮಾಡಲಿ? (ಪ್ರೌಢಶಾಲಾ ಶಿಕ್ಷಕಿ, ಸಿಂಧನೂರು)

ಉತ್ತರ: ಕಂಪನಿಯ ಸರ್ವರಿನಲ್ಲಿ ನಡೆಯುವ ಉಚಿತ ಸೇವೆಗೆ ಮಿತಿ ಇದ್ದೇ ಇರುತ್ತದೆ, ಆ ಮಿತಿ ನಾಳೆ ಇನ್ನಷ್ಟು ಬಿಗಿಯಾಗಬಹುದು. ನಿಮ್ಮ ಕಂಪ್ಯೂಟರಿನಲ್ಲೇ ಓಡುವ ಮುಕ್ತ ತಂತ್ರಾಂಶಕ್ಕೆ ಅವಧಿಯ ಕಟ್ಟು ಇಲ್ಲ, ಮುದ್ರೆ ಇಲ್ಲ, ಫೈಲ್ ಕೂಡ ನಿಮ್ಮ ಕೈಯಲ್ಲೇ ಉಳಿಯುತ್ತದೆ. ಆದ್ದರಿಂದ ರೆಕಾರ್ಡಿಂಗಿಗೆ ಒಬಿಎಸ್ ಸ್ಟುಡಿಯೊ ಹಾಕಿಕೊಳ್ಳಿ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಓಡುತ್ತದೆ.

ಮೊದಲ ಸಲ ತೆರೆದಾಗ ಏತಕ್ಕೆ ಬಳಸುತ್ತೀರಿ ಎಂದು ಕೇಳುತ್ತದೆ. ರೆಕಾರ್ಡಿಂಗಿಗೆ ಮಾತ್ರ ಎಂಬುದನ್ನು ಆರಿಸಿ. ಕೆಳಗಿನ ‘ಸೋರ್ಸಸ್’ ಪೆಟ್ಟಿಗೆಯಲ್ಲಿ ಕೂಡಿಸುವ ಚಿಹ್ನೆ ಒತ್ತಿ ‘ಡಿಸ್‌ಪ್ಲೇ ಕ್ಯಾಪ್ಚರ್’ ಸೇರಿಸಿ. ಪರದೆ ಕಪ್ಪಗೆ ಕಂಡರೆ ಅದೇ ಸೋರ್ಸಿನ ಪ್ರಾಪರ್ಟೀಸ್‌ಗೆ ಹೋಗಿ ‘ಕ್ಯಾಪ್ಚರ್ ಮೆಥಡ್’ ಬದಲಿಸಿ ನೋಡಿ. ಎರಡು ಗ್ರಾಫಿಕ್ಸ್ ಚಿಪ್ ಇರುವ ಲ್ಯಾಪ್‌ಟಾಪುಗಳಲ್ಲಿ ಇದು ಪದೇ ಪದೇ ಕಾಡುವ ತೊಂದರೆ. ಸೆಟ್ಟಿಂಗ್ಸ್‌ನ ‘ವಿಡಿಯೊ’ ಭಾಗದಲ್ಲಿ ಔಟ್‌ಪುಟ್ ಅಳತೆ 1280×720, ಸೆಕೆಂಡಿಗೆ 30 ಫ್ರೇಮ್ ಇಟ್ಟರೆ ಸಾಕು. ಹಳೆಯ ಕಂಪ್ಯೂಟರ್ ತಿಣುಕಿದರೆ 20ಕ್ಕೆ ಇಳಿಸಿ. ಸ್ಲೈಡ್ ಪಾಠಕ್ಕೆ ಅದರಿಂದ ನಷ್ಟವಿಲ್ಲ.

ಈಗ ಕರೆಂಟಿನ ವಿಷಯ. ಸಾಮಾನ್ಯ ಎಂಪಿ4 ಫೈಲಿನಲ್ಲಿ ಯಾವ ದೃಶ್ಯ ಎಲ್ಲಿದೆ ಎಂಬ ಸೂಚಿ ಬರೆಯುವುದು ರೆಕಾರ್ಡಿಂಗ್ ಮುಗಿದ ಮೇಲೆ. ಮಧ್ಯೆ ವಿದ್ಯುತ್ ಕಡಿದರೆ ಆ ಸೂಚಿ ಇರುವುದೇ ಇಲ್ಲ, ಪ್ಲೇಯರಿಗೆ ಫೈಲನ್ನು ಓದಲು ದಾರಿ ಸಿಗುವುದಿಲ್ಲ. ಸೆಟ್ಟಿಂಗ್ಸ್ → ಔಟ್‌ಪುಟ್ → ರೆಕಾರ್ಡಿಂಗ್ ಫಾರ್ಮ್ಯಾಟ್‌ನಲ್ಲಿ ‘ಎಂಕೆವಿ’ ಆರಿಸಿಕೊಂಡರೆ ಕರೆಂಟ್ ಹೋಗುವ ಕ್ಷಣದವರೆಗಿನ ಪಾಠ ಉಳಿಯುತ್ತದೆ. ಆಮೇಲೆ ‘ಫೈಲ್’ ಮೆನುವಿನ ‘ರೀಮಕ್ಸ್ ರೆಕಾರ್ಡಿಂಗ್ಸ್’ ಒತ್ತಿ ಎಂಪಿ4 ಮಾಡಿಕೊಳ್ಳಿ. ಚಿತ್ರವನ್ನು ಮತ್ತೆ ಸಂಕುಚಿಸುವ ಕೆಲಸ ಇಲ್ಲದ್ದರಿಂದ ಬೇಗ ಮುಗಿಯುತ್ತದೆ, ಗುಣಮಟ್ಟವೂ ಇಳಿಯುವುದಿಲ್ಲ. ಹೊಸ ಆವೃತ್ತಿಗಳಲ್ಲಿರುವ ‘ಹೈಬ್ರಿಡ್ ಎಂಪಿ4’ ಕೂಡ ಇದೇ ರಕ್ಷಣೆ ಕೊಡುತ್ತದೆ.

ಇನ್ನು ಧ್ವನಿ. ಚಿತ್ರ ಸ್ವಲ್ಪ ಮಂಕಾದರೂ ಮಕ್ಕಳು ನೋಡುತ್ತಾರೆ, ಮಾತು ಕೇಳದಿದ್ದರೆ ಬಿಟ್ಟುಬಿಡುತ್ತಾರೆ. ಹಾಗಾಗಿ ಹಣ ಖರ್ಚು ಮಾಡುವುದಾದರೆ ಕ್ಯಾಮೆರಾಗಿಂತ ಮೊದಲು ಮೈಕಿಗೆ ಮಾಡಿ. ಮೈಕನ್ನು ಬಾಯಿಂದ ಒಂದು ಗೇಣು ದೂರ, ನೇರ ಎದುರಿಗಲ್ಲದೆ ತುಸು ಪಕ್ಕಕ್ಕೆ ಇಡಿ. ಪ, ಫ, ಭ ಅಕ್ಷರಗಳ ಗಾಳಿ ಅದಕ್ಕೆ ಬಡಿಯುವುದಿಲ್ಲ. ಮಾತಾಡುವಾಗ ಒಬಿಎಸ್‌ನ ‘ಆಡಿಯೊ ಮಿಕ್ಸರ್’ ಪೆಟ್ಟಿಗೆಯಲ್ಲಿ ಧ್ವನಿಮಟ್ಟದ ಪಟ್ಟಿ ಹಳದಿಯಲ್ಲಿ ಆಡಬೇಕು. ಕೆಂಪಿನ ತುದಿ ಮುಟ್ಟಿ ಒಡೆದ ಧ್ವನಿಯನ್ನು ಆಮೇಲೆ ಸರಿಪಡಿಸುವುದು ಬಹಳ ಕಷ್ಟ. ಫ್ಯಾನಿನ ಸದ್ದಿಗೆ ಮಿಕ್ಸರಿನಲ್ಲಿ ಮೈಕಿನ ‘ಫಿಲ್ಟರ್ಸ್’ ತೆರೆದು ‘ನಾಯ್ಸ್ ಸಪ್ರೆಶನ್’ ಸೇರಿಸಿ, ‘ಆರ್‌ಎನ್‌ನಾಯ್ಸ್’ ವಿಧಾನ ಆರಿಸಿ. ನೀವು ವಿಜ್ಞಾನ ಕಲಿಸುವವರಾದ್ದರಿಂದ ಒಂದು ಎಚ್ಚರಿಕೆ: ಈ ಫಿಲ್ಟರ್ ಮನುಷ್ಯರ ಮಾತನ್ನು ಮಾತ್ರ ಉಳಿಸಲು ಯತ್ನಿಸುತ್ತದೆ. ಶ್ರುತಿಕವೆಯ ನಾದವನ್ನೋ ಗಂಟೆಯ ಸದ್ದನ್ನೋ ಗದ್ದಲವೆಂದು ತಿಳಿದು ಅಳಿಸಿಬಿಡಬಹುದು. ಶಬ್ದದ ಪಾಠಕ್ಕೆ ಫ್ಯಾನ್ ನಿಲ್ಲಿಸಿ, ಫಿಲ್ಟರನ್ನೂ ತೆಗೆದು ರೆಕಾರ್ಡ್ ಮಾಡಿ.

ಫಿಲ್ಟರ್ ಇಲ್ಲದೆ ಈಗಾಗಲೇ ರೆಕಾರ್ಡ್ ಆದ ಧ್ವನಿಗೆ ಆಡಾಸಿಟಿ ಎಂಬ ಧ್ವನಿ ತಿದ್ದುವ ಉಚಿತ ತಂತ್ರಾಂಶ ಇದೆ. ಫ್ಯಾನ್ ಸದ್ದು ಮಾತ್ರ ಇರುವ ಎರಡು ಮೂರು ಸೆಕೆಂಡ್ ಆಯ್ದು ‘ನಾಯ್ಸ್ ರಿಡಕ್ಷನ್’ನಲ್ಲಿ ಮಾದರಿ ಕೊಡಿ, ಬಳಿಕ ಇಡೀ ಧ್ವನಿ ಆಯ್ದು 12 ಡೆಸಿಬೆಲ್ ತಗ್ಗಿಸಿ. ಇದನ್ನು ವಿಪರೀತ ಏರಿಸಿದರೆ ಮಾತು ನೀರೊಳಗಿಂದ ಬಂದಂತೆ ಕೇಳುತ್ತದೆ. ಪ್ರತಿ ರೆಕಾರ್ಡಿಂಗಿನ ಮೊದಲ ಮೂರು ಸೆಕೆಂಡ್ ಸುಮ್ಮನಿದ್ದರೆ ಈ ಮಾದರಿ ತಾನಾಗಿ ಸಿಗುತ್ತದೆ.

ಪ್ರಶ್ನೆ: ನುಡಿಯಲ್ಲಿ ಟೈಪ್ ಮಾಡಿದ ಶೀರ್ಷಿಕೆಯನ್ನು ವಿಡಿಯೊ ಎಡಿಟರಿಗೆ ಅಂಟಿಸಿದರೆ ಇಂಗ್ಲಿಷ್ ಅಕ್ಷರಗಳ ಗೊಜಲು ಬರುತ್ತದೆ. ಇನ್ನೊಂದು ಎಡಿಟರಿನಲ್ಲಿ ಕನ್ನಡವೇನೋ ಬರುತ್ತದೆ, ಒತ್ತಕ್ಷರಗಳೆಲ್ಲ ಬಿಡಿಬಿಡಿ. (ಕನ್ನಡ ಶಿಕ್ಷಕರು, ಹಾವೇರಿ)

ಉತ್ತರ: ಇವು ಎರಡು ಬೇರೆ ಬೇರೆ ಕಾಯಿಲೆಗಳು. ಮೊದಲನೆಯದು ಹಳೆಯ ಆಸ್ಕಿ ಫಾಂಟಿನದು. ಅದರಲ್ಲಿ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿರುತ್ತಾರೆ. ಫಾಂಟ್ ಬದಲಾದ ಕೂಡಲೇ ಒಳಗಿರುವ ಇಂಗ್ಲಿಷ್ ಹೊರಬರುತ್ತದೆ. ಪಠ್ಯವನ್ನು ಆಸ್ಕಿಯಿಂದ, ಕನ್ನಡ ಅಕ್ಷರಗಳಿಗೆ ತಮ್ಮದೇ ಸಂಕೇತಗಳಿರುವ ಯುನಿಕೋಡಿಗೆ ಪರಿವರ್ತಕ ತಂತ್ರಾಂಶದಲ್ಲಿ ಬದಲಿಸಿ, ಎಡಿಟರಿನಲ್ಲಿ ನೋಟೊ ಸ್ಯಾನ್ಸ್ ಕನ್ನಡ ಅಥವಾ ವಿಂಡೋಸ್ ಜೊತೆಗೇ ಬರುವ ನಿರ್ಮಲಾ ಯುಐ ಫಾಂಟ್ ಆರಿಸಿ. ಪರಿವರ್ತನೆ ಆದಮೇಲೆ ಅರ್ಕಾವತ್ತು ಇರುವ ಪದಗಳನ್ನೂ ಎರಡು ಒತ್ತು ಬರುವ ‘ರಾಷ್ಟ್ರ’, ‘ಸ್ವಾತಂತ್ರ್ಯ’ದಂಥ ಪದಗಳನ್ನೂ ಕಣ್ಣಾರೆ ಓದಿ ನೋಡಿ. ತಪ್ಪು ನುಸುಳುವುದು ಹೆಚ್ಚಾಗಿ ಅಲ್ಲೇ. ಇನ್ನು ಮುಂದೆ ಯುನಿಕೋಡಿನಲ್ಲೇ ಟೈಪ್ ಮಾಡುವುದು ಒಳ್ಳೆಯದು.

ಎರಡನೆಯದು ಎಡಿಟರಿನ ದೋಷ. ಅಕ್ಷರಗಳನ್ನು ಕೂಡಿಸಿ ಒತ್ತು ಮಾಡುವ ಜಾಣ್ಮೆ ಅದಕ್ಕಿಲ್ಲ. ‘ಶಿಕ್ಷಕ’ ಎಂದು ಬರೆದರೆ ‘ಶಿಕ್‌ಷಕ’ ಎಂದು ತೋರಿಸುತ್ತದೆ. ಎಷ್ಟು ಫಾಂಟ್ ಬದಲಿಸಿದರೂ ಇದು ಹೋಗದು. ಶೀರ್ಷಿಕೆಯನ್ನು ಇಂಕ್‌ಸ್ಕೇಪ್ ಎಂಬ ಉಚಿತ ಚಿತ್ರರಚನೆಯ ತಂತ್ರಾಂಶದಲ್ಲಿ ಬರೆದು, ಹಿನ್ನೆಲೆ ಪಾರದರ್ಶಕವಾಗಿರುವ ಪಿಎನ್‌ಜಿ ಚಿತ್ರವಾಗಿ ರಫ್ತು ಮಾಡಿ, ಎಡಿಟರಿನ ಮೇಲಿನ ಟ್ರ್ಯಾಕಿನಲ್ಲಿ ಇಡಿ. ಚಿತ್ರವಾದ ಮೇಲೆ ಒತ್ತು ಕಳಚುವುದಿಲ್ಲ. ಎಡಿಟರ್ ಹುಡುಕುತ್ತಿದ್ದರೆ ಶಾಟ್‌ಕಟ್ ಅಥವಾ ಕೆಡೆನ್‌ಲೈವ್ ಪ್ರಯತ್ನಿಸಿ, ಎರಡೂ ಮುಕ್ತ ತಂತ್ರಾಂಶಗಳು.

ಅಡಿಬರಹಕ್ಕೆ ಎಸ್‌ಆರ್‌ಟಿ ಫೈಲ್ ಮಾಡುವವರು ನೋಟ್‌ಪ್ಯಾಡಿನಲ್ಲಿ ‘ಸೇವ್ ಆ್ಯಸ್’ ಕೊಡುವಾಗ ಎನ್‌ಕೋಡಿಂಗ್ ‘ಯುಟಿಎಫ್-8’ ಇದೆಯೇ ನೋಡಬೇಕು. ‘ಆನ್ಸಿ’ ಆಗಿದ್ದರೆ ಕನ್ನಡವೆಲ್ಲ ಪ್ರಶ್ನಾರ್ಥಕ ಚಿಹ್ನೆಗಳಾಗುತ್ತವೆ, ಮತ್ತೆ ಮರಳಿ ಬರುವುದಿಲ್ಲ. ಪೆನ್‌ಡ್ರೈವ್ ಹಾಕಿ ತೋರಿಸುವ ಟಿವಿಗಳಲ್ಲಿ ಕನ್ನಡ ಅಡಿಬರಹ ಬರುತ್ತದೆಂದು ನೆಚ್ಚಬೇಡಿ. ವಿಡಿಯೊ ಪರಿವರ್ತಿಸುವ ಉಚಿತ ತಂತ್ರಾಂಶ ಹ್ಯಾಂಡ್‌ಬ್ರೇಕಿನ ‘ಸಬ್‌ಟೈಟಲ್ಸ್’ ಭಾಗದಲ್ಲಿ ಫೈಲ್ ಸೇರಿಸಿ ‘ಬರ್ನ್ ಇನ್’ ಆಯ್ಕೆ ಮಾಡಿದರೆ ಅಕ್ಷರಗಳು ಚಿತ್ರದಲ್ಲೇ ಅಚ್ಚಾಗುತ್ತವೆ.

ಪ್ರಶ್ನೆ: 30 ನಿಮಿಷದ ಪಾಠ ಒಂದೂವರೆ ಜಿಬಿ ಆಗಿದೆ. ವಾಟ್ಸ್ಯಾಪಿನಲ್ಲಿ ಕಳಿಸಿದರೆ ಬೋರ್ಡಿನ ಅಕ್ಷರ ಮಸುಕು. (ಗಣಿತ ಶಿಕ್ಷಕರು, ಚಳ್ಳಕೆರೆ)

ಉತ್ತರ: ಗ್ಯಾಲರಿಯಿಂದ ಕಳಿಸಿದ ವಿಡಿಯೊವನ್ನು ವಾಟ್ಸ್ಯಾಪ್ ತನ್ನಷ್ಟಕ್ಕೆ ಹಿಂಡುತ್ತದೆ. ‘ಡಾಕ್ಯುಮೆಂಟ್’ ಆಗಿ ಲಗತ್ತಿಸಿದರೆ ಇದ್ದ ಹಾಗೇ ಹೋಗುತ್ತದೆ. ಆದರೆ ಮಕ್ಕಳ ಮನೆಯ ಫೋನಿಗೆ ಒಂದೂವರೆ ಜಿಬಿ ಕಳಿಸುವುದು ಸರಿಯಲ್ಲ. ಅದಕ್ಕೆ ಮೊದಲು ನೀವೇ ಹದವಾಗಿ ಚಿಕ್ಕದು ಮಾಡಿ.

ಲೆಕ್ಕ ಸರಳ. ಸೆಕೆಂಡಿಗೆ 1 ಮೆಗಾಬಿಟ್ ಎಂದರೆ ನಿಮಿಷಕ್ಕೆ 7.5 ಎಂಬಿ. ನಿಮ್ಮ ಫೈಲ್ ನಿಮಿಷಕ್ಕೆ 50 ಎಂಬಿ ತಿನ್ನುತ್ತಿದೆ. ಹೆಚ್ಚು ಅಲುಗಾಡದ ಬೋರ್ಡಿಗೆ ಅದರ ಹತ್ತನೇ ಒಂದು ಪಾಲು ಸಾಕಾಗಬಹುದು. ಹ್ಯಾಂಡ್‌ಬ್ರೇಕಿನಲ್ಲಿ ‘ಫಾಸ್ಟ್ 720ಪಿ30’ ಆರಿಸಿ, ವಿಡಿಯೊ ಭಾಗದಲ್ಲಿ ಸಂಕುಚಿಸುವ ವಿಧಾನ ಎಚ್.264, ಗುಣಮಟ್ಟದ ಆರ್‌ಎಫ್ ಸಂಖ್ಯೆ 24, ಧ್ವನಿ ಮೊನೊ 64 ಕಿಲೊಬಿಟ್ ಇಡಿ. ಆರ್‌ಎಫ್ ಏರಿದಷ್ಟೂ ಫೈಲ್ ಚಿಕ್ಕದು, ಅಕ್ಷರ ಮಸುಕು. ಮೊದಲು ಒಂದು ನಿಮಿಷದ ತುಂಡು ಮಾಡಿ, ಸಣ್ಣ ಫೋನಿನಲ್ಲಿ ಘಾತಾಂಕದ ಪುಟ್ಟ ಅಂಕೆಗಳು ಓದಲು ಬರುತ್ತವೆಯೇ ನೋಡಿ. ಬಾರದಿದ್ದರೆ 22ಕ್ಕೆ ಇಳಿಸಿ. ಎಚ್.265 ಇನ್ನೂ ಚಿಕ್ಕದಾಗುತ್ತದೆ, ಆದರೆ ಹಳೆಯ ಫೋನುಗಳಲ್ಲಿ ತಡವರಿಸುತ್ತದೆ, ಬೇಡ. 30 ನಿಮಿಷವನ್ನು ಒಂದೊಂದು ಲೆಕ್ಕಕ್ಕೆ ಒಂದರಂತೆ ಕತ್ತರಿಸಿದರೆ, ಬೇಕಾದ ಲೆಕ್ಕವನ್ನಷ್ಟೇ ಮಗು ಇಳಿಸಿಕೊಳ್ಳುತ್ತದೆ.

ಪ್ರಶ್ನೆ: ವಿಡಿಯೊ ನಡುವೆ ನಿಂತು ಪ್ರಶ್ನೆ ಕೇಳುವಂತೆ ಮಾಡಬಹುದಂತೆ. ನಮ್ಮ ಶಾಲೆಯಲ್ಲಿ ನೆಟ್ ಇಲ್ಲ. (ಪ್ರಾಥಮಿಕ ಶಾಲಾ ಶಿಕ್ಷಕಿ, ಸಕಲೇಶಪುರ)

ಉತ್ತರ: ಎಡ್‌ಪಝಲ್‌ನಂಥ ಸೇವೆಗಳಿಗೆ ನೆಟ್ ಬೇಕು. ನಿಮಗೆ ಹೊಂದುವುದು ಎಚ್5ಪಿ, ಅಂದರೆ ಪ್ರಶ್ನೆ ಕೇಳಿ ಉತ್ತರ ಪಡೆಯುವ ಪಾಠಗಳನ್ನು ಕಟ್ಟುವ ಒಂದು ಮುಕ್ತ ಮಾದರಿ. ಮನೆಯಲ್ಲಿ ನೆಟ್ ಇರುವಾಗ ಅದನ್ನು ತಯಾರಿಸುವ ಲುಮಿ ಎಂಬ ಉಚಿತ ತಂತ್ರಾಂಶ ಹಾಕಿಕೊಳ್ಳಿ. ‘ಇಂಟರಾಕ್ಟಿವ್ ವಿಡಿಯೊ’ ಆರಿಸಿ ಎಂಪಿ4 ಸೇರಿಸಿ, ಪ್ರಶ್ನೆ ಬರಬೇಕಾದ ಕ್ಷಣದಲ್ಲಿ ಬಹು ಆಯ್ಕೆಯ ಪ್ರಶ್ನೆ ಇಡಿ. ವಿಡಿಯೊ ನಿಲ್ಲಿಸುವ ಆಯ್ಕೆಗೆ ಗುರುತು ಹಾಕುವುದನ್ನು ಮರೆತರೆ ಪ್ರಶ್ನೆ ಬಂದು ಹಾಗೇ ಹೋಗಿಬಿಡುತ್ತದೆ. ಮುಗಿದ ಮೇಲೆ ಎಚ್‌ಟಿಎಂಎಲ್ ಆಗಿ ರಫ್ತು ಮಾಡಿ ಪೆನ್‌ಡ್ರೈವಿನಲ್ಲಿ ಒಯ್ಯಿರಿ, ಶಾಲೆಯ ಕಂಪ್ಯೂಟರಿನ ಬ್ರೌಸರಿನಲ್ಲಿ ತೆರೆಯಿರಿ. ಎಲ್ಲವನ್ನೂ ಒಂದೇ ಫೈಲಿನಲ್ಲಿ ತುಂಬಿದರೆ ದೊಡ್ಡ ವಿಡಿಯೊ ಬ್ರೌಸರನ್ನು ನಿಲ್ಲಿಸಿಬಿಡಬಹುದು. ಆಗ ಮಾಧ್ಯಮ ಫೈಲುಗಳು ಬೇರೆ ಇರುವ ಆಯ್ಕೆ ತೆಗೆದುಕೊಂಡು ಇಡೀ ಫೋಲ್ಡರನ್ನು ನಕಲಿಸಿ.

ಜೊತೆಗೆ ಎರಡು. ಅಮೆರಿಕದ ಕೊಲರಾಡೊ ಬೌಲ್ಡರ್ ವಿಶ್ವವಿದ್ಯಾಲಯದ ಫೆಟ್ ಯೋಜನೆ 2002ರಲ್ಲಿ ಶುರುವಾದದ್ದು. ಅದರ ಅನೇಕ ವಿಜ್ಞಾನ, ಗಣಿತ ಪ್ರಯೋಗಗಳು ಕನ್ನಡದಲ್ಲಿವೆ, ಇಳಿಸಿಟ್ಟುಕೊಂಡರೆ ನೆಟ್ ಇಲ್ಲದೆ ಓಡುತ್ತವೆ. ಪಠ್ಯಪುಸ್ತಕದ ಕ್ಯುಆರ್ ಕೋಡ್ ಸ್ಕ್ಯಾನ್ ಮಾಡಿದಾಗ ಸಿಗುವ ದೀಕ್ಷಾ ಪಾಠಗಳನ್ನೂ ಆ್ಯಪಿನಲ್ಲಿ ಮೊದಲೇ ಇಳಿಸಿಡಬಹುದು.

ಪ್ರಶ್ನೆ: ಪಾಠದ ವಿಡಿಯೊಗೆ ಸಿನಿಮಾ ಹಾಡಿನ ಸಂಗೀತ ಹಾಕಿದರೆ ತಪ್ಪೇ? (ಬಿ.ಇಡಿ. ವಿದ್ಯಾರ್ಥಿನಿ, ಮೈಸೂರು)

ಉತ್ತರ: 1957ರ ಕೃತಿಸ್ವಾಮ್ಯ ಕಾಯಿದೆಯ 52ನೇ ಕಲಮು ಬೋಧನೆಯ ಭಾಗವಾಗಿ ಕೃತಿಯನ್ನು ಬಳಸಲು ಶಿಕ್ಷಕರಿಗೆ ವಿನಾಯಿತಿ ಕೊಡುತ್ತದೆ. ಅದನ್ನೇ ಯೂಟ್ಯೂಬಿನಲ್ಲಿ ಲೋಕಕ್ಕೆಲ್ಲ ತೆರೆದಿಡುವುದು ತರಗತಿಯ ಬೋಧನೆಯಾಗುವುದಿಲ್ಲ. ಹಾಡಿನ ಹಕ್ಕುದಾರರು ವಿಡಿಯೊ ತಡೆಯಬಹುದು. ಯೂಟ್ಯೂಬ್ ಸ್ಟುಡಿಯೊದ ಆಡಿಯೊ ಲೈಬ್ರರಿಯಲ್ಲಿ ಉಚಿತ ಸಂಗೀತ ಇದೆ. ಚಿತ್ರಗಳಿಗೆ ವಿಕಿಮೀಡಿಯ ಕಾಮನ್ಸ್ ನೋಡಿ, ಕರ್ತೃವಿನ ಹೆಸರನ್ನೂ ಪರವಾನಗಿಯನ್ನೂ ಕೊನೆಯ ಸ್ಲೈಡಿನಲ್ಲಿ ಬರೆಯಿರಿ. ವಿವರಣೆ ನಡೆಯುವಾಗ ಮಾತ್ರ ಯಾವ ಸಂಗೀತವೂ ಬೇಡ, ಮಾತು ಮುಚ್ಚಿಹೋಗುತ್ತದೆ. ತರಗತಿಯ ಮಕ್ಕಳ ಮುಖ ಕಾಣುವುದಾದರೆ ಪೋಷಕರ ಲಿಖಿತ ಒಪ್ಪಿಗೆ ಮೊದಲೇ ಪಡೆಯಿರಿ. ಒಬ್ಬರು ಒಪ್ಪದಿದ್ದರೂ ಕ್ಯಾಮೆರಾವನ್ನು ಮಕ್ಕಳ ಹಿಂದೆ, ಬೋರ್ಡಿನ ಕಡೆಗೆ ತಿರುಗಿಸಿ ಇಡಿ.